ಕರಕಿಗೆ ಬಂದವರು

ಜಾನಕಿಬಾಯಿಯ ಅಂಗಳದಲ್ಲಿ ಇದ್ದಷ್ಟು ಕರಕಿ ಜಹೀರಾಬಾದಿನ ಯಾರ ಅಂಗಳದಲ್ಲೂ ಇರಲಿಲ್ಲ. ಇದು ಹೊಗಳಿಕೆಯ ಮಾತಲ್ಲ. ಪುಸ್ತಕದವರು ಗರಿಕೆ ಎಂದು ಮರ್ಯಾದೆಯಿಂದ ಕರೆಯುವ ಈ ಹುಲ್ಲು ಒಮ್ಮೆ ಮನೆ ಮುಂದೆ ಕಾಲಿಟ್ಟಿತೆಂದರೆ ಬೀಗರ ಕಡೆಯ ನೆಂಟನಿದ್ದ ಹಾಗೆ. ಹೋಗು ಅನ್ನುವಂತಿಲ್ಲ, ಅಂದರೂ ಹೋಗುವುದಿಲ್ಲ. ಸೇವಂತಿಗೆ ಹಚ್ಚಿದರೆ ಸೇವಂತಿಗೆಯ ಬುಡಕ್ಕೆ ಬರುತ್ತಿತ್ತು, ಕೊತ್ತಂಬರಿ ಹಾಕಿದರೆ ಮಡಿಯೊಳಕ್ಕೆ ನುಗ್ಗುತ್ತಿತ್ತು, ಏನೂ ಹಾಕದೆ ಸುಮ್ಮನೆ ಬಿಟ್ಟರೆ ಹೊಸ್ತಿಲಿಗೇ ಬಂದು ನಿಲ್ಲುತ್ತಿತ್ತು.

ಓಣಿಯ ಉಳಿದವರಿಗೆ ಈ ಕಾಟವಿರಲಿಲ್ಲ. ಸ್ಟೇಷನ್ನಿನ ಹಿಂದಿನ ಆ ಓಣಿಯಲ್ಲಿ ಹನ್ನೆರಡು ಮನೆ. ಹನ್ನೊಂದು ಮನೆಯವರು ತಾಂಡೂರಿನಿಂದ ಲಾರಿಗಟ್ಟಲೆ ಫರಸಿಕಲ್ಲು ತರಿಸಿ ಗೇಟಿನಿಂದ ಹಿತ್ತಲಿನವರೆಗೆ ಹಾಸಿಬಿಟ್ಟಿದ್ದರು. ಜಾನಕಿಬಾಯಿಯ ಅಪ್ಪ ಒಬ್ಬರೇ, "ಮನಿ ಮುಂದ ಜರಾ ಮಣ್ಣಿರಬೇಕವ್ವ, ಕಾಲಿಗೆ ತಂಪು" ಎಂದು ಮಣ್ಣನ್ನು ಮಣ್ಣಾಗಿಯೇ ಉಳಿಸಿಕೊಂಡಿದ್ದರು. ಆಮೇಲೆ ಅವರ ಒಂದು ಕೈ ಒಂದು ಕಾಲು ಬಿದ್ದುಹೋಗಿ, ಹನ್ನೊಂದು ವರ್ಷ ಹಾಸಿಗೆ ಹಿಡಿದು ತೀರಿಕೊಂಡರು. ಅಪ್ಪನ ನಂತರ ಮಣ್ಣು ಮಗಳಿಗೆ ಬಂತು, ಮಣ್ಣಿನ ಜೊತೆಗೆ ಕರಕಿಯೂ ಬಂತು.

ಮಗಳಿಗೆ ಈಗ ಐವತ್ತೆರಡು ವರ್ಷ. ಸರಕಾರಿ ಕಚೇರಿಯಲ್ಲಿ ಗುಮಾಸ್ತೆ. ಅಪ್ಪನಿಗೆ ಗಂಜಿ ಕುಡಿಸುತ್ತ, ಮಗ್ಗಲು ಹೊರಳಿಸುತ್ತ ಇದ್ದವಳಿಗೆ ಮದುವೆಯ ವಯಸ್ಸು ದಾಟಿಹೋದದ್ದು ಬೇರೆ ಯಾರಿಗೂ ಗೊತ್ತಾಗಲಿಲ್ಲ, ಅವಳೊಬ್ಬಳಿಗೆ ಗೊತ್ತಾಯಿತು. ಓಣಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಹೆಂಗಸರು ಒಬ್ಬರ ಮನೆಗೊಬ್ಬರು ಹೋಗಿ ಕೂಡಬೇಕೆಂದರೆ ಒಂದು ನೆಪ ಬೇಕಲ್ಲ. ಶ್ರಾವಣದ ಅರಿಶಿನ-ಕುಂಕುಮ, ಸಂಕ್ರಾಂತಿಯ ಎಳ್ಳು, ಯಾರದೋ ಉಡಿ ತುಂಬುವುದು, ಎಲ್ಲ ನೆಪಗಳೂ ಮುತ್ತೈದೆಯರವು. ಜಾನಕಿಬಾಯಿ ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ, ಕನ್ಯೆ ಅನ್ನೋಣವೆಂದರೆ ತಲೆ ನರೆತಿದೆ. ಯಾವ ಸಾಲಿನಲ್ಲಿ ಕೂಡಿಸಬೇಕೆಂದು ತಿಳಿಯದೆ ಜನ ಕರೆಯುವುದನ್ನೇ ಬಿಟ್ಟರು. ಕರೆಯದವರನ್ನು ಇವಳು ಹೇಗೆ ಕರೆಯಬೇಕು? ಸಂಜೆ ಆರಕ್ಕೆ ಬಂದು ಬೀಗ ತೆಗೆದರೆ ಮರುದಿನ ಒಂಬತ್ತೂವರೆಗೆ ಬೀಗ ಹಾಕುವ ತನಕ ಆ ಮನೆಯಲ್ಲಿ ಮಾತಾಡುತ್ತಿದ್ದದ್ದು ಕುಕ್ಕರು ಮಾತ್ರ.

ವರ್ಷದಲ್ಲಿ ಒಂದು ದಿನ ಮಾತ್ರ ಹಾಗಿರುತ್ತಿರಲಿಲ್ಲ. ಗಣೇಶ ಚೌತಿಯ ಮುಂಜಾನೆ, ಇನ್ನೂ ಬೆಳಕು ಹರಿಯುತ್ತಿರುವಾಗಲೇ, ಹನ್ನೊಂದೂ ಮನೆಯ ಹೆಂಗಸರು ಮಿಂದು ಮಡಿಯುಟ್ಟು ಒಂದೊಂದು ತಟ್ಟೆ ಹಿಡಿದು ಅವಳ ಗೇಟಿಗೆ ಬರುತ್ತಿದ್ದರು. ಗಣಪತಿಗೆ ಇಪ್ಪತ್ತೊಂದು ಕರಕಿ ಬೇಕು. ರಸ್ತೆಯ ಬದಿಯದು ಆಗದು, ನಾಯಿ ಮೇಕೆ ಓಡಾಡಿರುತ್ತವೆ. ಓಣಿಯಲ್ಲಿ ಮಣ್ಣಿರುವ ಅಂಗಳ ಒಂದೇ. ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಕಿರಾಣಿ ಅಂಗಡಿಯ ಶಿವರಾಯರ ಹೆಂಡತಿ ಶಾಂತಾಬಾಯಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. "ಜಾನಕಿಬಾಯಿರಿ, ನಿಮ್ಮ ಕರಕಿಗೆ ಬಂದೀವ್ರಿ!" ಎಂದು ಗೇಟಿನಿಂದಲೇ ಕೂಗುತ್ತಿದ್ದಳು. ಮೂರೆಲೆಯ ಕುಡಿ ಆರಿಸಿ ಆರಿಸಿ ಚಿವುಟುವುದೆಂದರೆ ಅರ್ಧ ತಾಸಿನ ಕೆಲಸ. ಆ ಅರ್ಧ ತಾಸು ಅಂಗಳದಲ್ಲಿ ಹನ್ನೊಂದು ಜನ ಕುಕ್ಕರಗಾಲಲ್ಲಿ ಕೂತು ಸೊಸೆಯರ ಮಾತು, ಮೊಣಕಾಲು ನೋವಿನ ಮಾತು, ಕಡಬಿನ ಹೂರಣದ ಮಾತು ಆಡುತ್ತಿದ್ದರು. ಆಮೇಲೆ ತಟ್ಟೆ ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಮತ್ತೆ ಒಂದು ವರ್ಷ ಯಾರೂ ಇಲ್ಲ.

ಇಷ್ಟಾದರೂ ಜಾನಕಿಬಾಯಿ ಕರಕಿಗೆ ಕೃತಜ್ಞಳಾಗಿದ್ದಳು ಎಂದುಕೊಳ್ಳಬೇಡಿ. ಒಂದು ದಿನ ಉಪಕಾರ ಮಾಡಿ ಮುನ್ನೂರರವತ್ನಾಲ್ಕು ದಿನ ಪೀಡಿಸುವವರನ್ನು ಯಾರು ನೆನೆಯುತ್ತಾರೆ? ಕಿತ್ತಷ್ಟೂ ಬರುವ ಅದನ್ನು ಅವಳು ದಿನಾ ಬೈಯುತ್ತಿದ್ದಳು. ಬೈಯುವುದಕ್ಕೆ ಮನೆಯಲ್ಲಿ ಇನ್ನೊಂದು ಪ್ರಾಣಿ ಇರಲಿಲ್ಲ ಅನ್ನುವುದೂ ನಿಜವೇ.

ಎರಡು ಸಾವಿರದ ಹನ್ನೊಂದರ ಸೆಪ್ಟೆಂಬರಿನಲ್ಲಿ ತೆಲಂಗಾಣ ಬೇಕೆಂದು ಎಲ್ಲ ನೌಕರರೂ ಕೆಲಸ ಬಿಟ್ಟು ಕೂತರು. ಕಚೇರಿಯ ಮುಂದೆ ಶಾಮಿಯಾನ ಬಿತ್ತು. ಜಾನಕಿಬಾಯಿಗೆ ರಾಜ್ಯ ಒಂದಾದರೇನು ಎರಡಾದರೇನು ಎಂಬ ವಿಷಯದಲ್ಲಿ ಗಟ್ಟಿ ಅಭಿಪ್ರಾಯವೇನೂ ಇರಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಎಂದು ಬದುಕಿದವಳಿಗೆ ಅಷ್ಟೆಲ್ಲ ಯೋಚಿಸಲು ಪುರುಸೊತ್ತೂ ಇರಲಿಲ್ಲ. ಆದರೆ ಎಲ್ಲರೂ ಕೂತರು, ಅವಳೂ ಕೂತಳು. ನಲವತ್ತೆರಡು ದಿನ ಜಮಖಾನದ ಮೇಲೆ, ಒಬ್ಬರ ಮೊಣಕಾಲಿಗೆ ಒಬ್ಬರ ಮೊಣಕಾಲು ತಾಗಿಸಿಕೊಂಡು ಕೂತರು. ಒಬ್ಬಳ ಡಬ್ಬಿಯ ಭಕ್ರಿ ಇನ್ನೊಬ್ಬಳ ಕೈಗೆ, ಮತ್ತೊಬ್ಬಳ ಪುಂಡಿಪಲ್ಲೆ ಇವಳ ಕೈಗೆ. ನಡುವೆ ಹೆಂಗಸರ ಹೂವಿನ ಹಬ್ಬ ಬತುಕಮ್ಮ ಬಂತು. ಶಾಮಿಯಾನದ ಮುಂದೆಯೇ ತಂಗಡಿ ಹೂವು ಪೇರಿಸಿಟ್ಟು ಸುತ್ತ ಚಪ್ಪಾಳೆ ತಟ್ಟುತ್ತ ಕುಣಿದರು. ಕೋಹಿರಿನಿಂದ ಬರುತ್ತಿದ್ದ ಒಬ್ಬ ಟೀಚರು ಜಾನಕಿಬಾಯಿಯ ಕೈ ಹಿಡಿದು ಎಳೆದುಕೊಂಡಳು. ಆ ಸುತ್ತಿನಲ್ಲಿ ನೀನು ಯಾರ ಹೆಂಡತಿ ಎಂದು ಯಾರೂ ಕೇಳಲಿಲ್ಲ.

ಅಕ್ಟೋಬರಿನ ಕೊನೆಗೆ ಮುಷ್ಕರ ಮುಗಿಯಿತು. ಶಾಮಿಯಾನ ಬಿಚ್ಚಿದರು. ಜಮಖಾನ ಸುತ್ತಿ ಆಟೋದಲ್ಲಿ ಹಾಕಿಕೊಂಡು ಹೋದರು. ಅದರ ಮರುದಿನ ಜಾನಕಿಬಾಯಿ ಮನೆಗೆ ಬಂದು ಬೀಗ ತೆಗೆದು ಒಳಗೆ ಹೋಗಲಾರದೆ ಹೊಸ್ತಿಲ ಮೇಲೆಯೇ ಕೂತಳು. ಮೊದಲು ತಾಳಿಕೊಂಡಿದ್ದನ್ನು ಈಗ ತಾಳಿಕೊಳ್ಳಲು ಆಗುತ್ತಿರಲಿಲ್ಲ. ರುಚಿ ಗೊತ್ತಿಲ್ಲದಾಗ ಹಸಿವು ಇಷ್ಟು ಕಾಡಿರಲಿಲ್ಲ. ಈ ಅಂಗಳದಲ್ಲಿ ಜನ ಬಂದು ಕೂಡಬೇಕು, ವರ್ಷಕ್ಕೆ ಅರ್ಧ ತಾಸು ಅಲ್ಲ, ವಾರಕ್ಕೆ ಒಂದು ಸಂಜೆಯಾದರೂ ಕೂಡಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ಹೇಗೆ ಎಂಬುದಕ್ಕೆ ಉತ್ತರ ಊರಿನ ಸರಕಾರಿ ಅತಿಥಿಗೃಹದಲ್ಲಿ ಸಿಕ್ಕಿತು. ಮುಷ್ಕರದ ದಿನಗಳಲ್ಲಿ ಒಂದು ಮೀಟಿಂಗು ಅಲ್ಲಿಯ ಲಾನಿನ ಮೇಲೆ ನಡೆದಿತ್ತು. ಒತ್ತೊತ್ತಾಗಿ ಕಂಬಳಿಯಂಥ ಹಸಿರು ಹುಲ್ಲು. ದೊಡ್ಡವರು ಸಣ್ಣವರು ಯಾರೂ ಕುರ್ಚಿ ಕೇಳದೆ ಅದರ ಮೇಲೆ ಕೂತದ್ದನ್ನು ಅವಳು ನೋಡಿದ್ದಳು. ಲಾನ್ ಮಾಡಿದರೆ ಜನ ಕೂಡುತ್ತಾರೆ ಎಂದು ಅವಳ ತಲೆಯಲ್ಲಿ ಗಟ್ಟಿಯಾಯಿತು. ಲಾನಿಗೆ ಅಡ್ಡ ನಿಂತದ್ದು ಕರಕಿ.

ಮೊದಲು ತಾನೇ ಸಲಿಕೆ ಹಿಡಿದಳು. ಪ್ರತಿ ಭಾನುವಾರ ಕೊಚ್ಚಿ ಕೊಚ್ಚಿ ಮಣ್ಣು ತಿರುವಿ ಹಾಕಿದಳು. ಸಂಕ್ರಾಂತಿಯ ಹೊತ್ತಿಗೆ ಅಂಗಳದಲ್ಲಿ ಮೊದಲಿಗಿಂತ ಎರಡರಷ್ಟು ಕರಕಿ! ಅತಿಥಿಗೃಹದ ಮಾಲಿ ತುಳಸಿರಾಮನನ್ನು ಕರೆಸಿದಾಗ ಅವನು ಗೇಟಿನಲ್ಲೇ ನಿಂತು ನಕ್ಕುಬಿಟ್ಟ.

"ಬಾಯೋರ, ನೀವು ಕರಕಿ ಕಡದಿಲ್ರಿ, ನಾಟಿ ಮಾಡೀರಿ. ಇದರ ಒಂದೊಂದು ಗೆಣ್ಣು ಒಂದೊಂದು ಗಿಡ ಇದ್ದಂಗ. ಹತ್ತು ತುಂಡು ಮಾಡಿದ್ರ ಹತ್ತು ಹುಟ್ತಾವ."

"ಹಂಗಾದ್ರ ಏನು ಮಾಡಬೇಕಪ್ಪ?"

"ಬ್ಯಾಸಗಿ ಬರ್ಲಿ ತಡೀರಿ. ಬಿಸಲಿನ ಕೈಲೆ ಮಾಡ್ಸೋಣ."

ಏಪ್ರಿಲಿನಲ್ಲಿ ಬಂದ. ಅಂಗಳಕ್ಕೆ ನೀರು ಕುಡಿಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ತಾಡಪಾಲು ಹಾಸಿ, ಅಂಚುಗಳನ್ನು ಗಾಳಿ ಆಡದ ಹಾಗೆ ಮಣ್ಣಲ್ಲಿ ಹೂತ. ಒಂದೂವರೆ ತಿಂಗಳು ಜಹೀರಾಬಾದಿನ ಬಿಸಿಲು ಆ ಹಾಳೆಯ ಕೆಳಗೆ ಮಣ್ಣನ್ನು ಬೇಯಿಸಿತು. ಜೂನಿನಲ್ಲಿ ಹಾಳೆ ತೆಗೆದಾಗ ಹುಲ್ಲು ಬೆಳ್ಳಗೆ ಸತ್ತು ಬಿದ್ದಿತ್ತು. ಆದರೂ ಆಳದಲ್ಲಿ ಜೀವ ಹಿಡಿದ ಬೇರುಗಳಿದ್ದವು. ಜಾನಕಿಬಾಯಿ ದಿನಾ ಮುಂಜಾನೆ ಕಚೇರಿಗೆ ಹೋಗುವ ಮೊದಲು ಒಂದು ತಾಸು ಮೊಣಕಾಲೂರಿ, ಮಣ್ಣನ್ನು ಮುಳ್ಳುಗೋಲಿನಿಂದ ಸಡಿಲಿಸಿ, ಬೆರಳಲ್ಲಿ ಎಳೆ ಎಳೆಯಾಗಿ ಬೇರು ಬಿಡಿಸಿದಳು. ಬಿಡಿಸಿದ್ದನ್ನು ತಿಪ್ಪೆಗೆ ಹಾಕದೆ ಕಲ್ಲಿನ ಮೇಲೆ ಒಣಗಿಸಿ ಸುಟ್ಟಳು. ಅಪ್ಪನ ತಲೆಯಲ್ಲಿ ಹೇನು ಆರಿಸುವಾಗಲೂ ಅವಳು ಇಷ್ಟು ಕಣ್ಣಿಟ್ಟು ನೋಡಿರಲಿಲ್ಲ.

ತುಳಸಿಕಟ್ಟೆಯ ಹಿಂದೆ ಮಾತ್ರ ಒಂದು ಮೊರದಗಲದಷ್ಟು ಕರಕಿ ಬಿಟ್ಟಳು.

"ಇದು ಯಾಕ್ರಿ?" ಎಂದ ತುಳಸಿರಾಮ.

"ಗಣಪತಿ ಪಾಲಪ್ಪ. ಪೂರಾ ತೆಗಿಬಾರ್ದು."

"ದೇವರ ಪಾಲು ಅಂತ ಒಂದು ಹಿಡಿ ಬಿಟ್ರ, ಅದೇ ಒಂದು ಹಿಡಿ ನಿಮ್ಮ ಲಾನು ನುಂಗ್ತದ, ನೋಡ್ಕೋತ ಇರ್ರಿ," ಎಂದು ಅವನು ಇಟ್ಟಿಗೆಯ ಅಂಚು ಕಟ್ಟಿ, ಹೊಸ ಹುಲ್ಲಿನ ಹಾಸುಗಳನ್ನು ತಂದು ಜೋಡಿಸಿ, ಸುತ್ತ ಹಗ್ಗ ಬಿಗಿದು ಹೋದ.

ಮಳೆಗೆ ಲಾನು ಕೂಡಿಕೊಂಡಿತು. ಓಣಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಆಗಸ್ಟಿನ ಕೊನೆಯ ಭಾನುವಾರ ಜಾನಕಿಬಾಯಿ ಧೈರ್ಯ ಮಾಡಿ ಮನೆಮನೆಗೆ ಹೋಗಿ, "ಸಂಜೀಕ ಚಾಕ್ಕ ಬರ್ರಿ" ಎಂದು ಹೇಳಿ ಬಂದಳು. ಅವಲಕ್ಕಿ ಚೂಡಾ ಮಾಡಿದಳು. ಹನ್ನೆರಡು ಕಪ್ಪು ತೊಳೆದಿಟ್ಟಳು. ಹಗ್ಗ ಬಿಚ್ಚಿದಳು. ಐದು ಜನ ಬಂದರು.

ಬಂದವರು ಗೇಟಿನಿಂದ ಬಾಗಿಲಿಗೆ ಹೋಗುವ ಕಲ್ಲಿನ ದಾರಿಯ ಮೇಲೇ ನಿಂತರು. "ಏನು ಛಂದ ಅದ ರೀ!" ಅಂದಳು ಪಾರ್ವತಿಬಾಯಿ, ಎದುರು ಮನೆಯವಳು. "ಇದರ ಮ್ಯಾಲ ಹೆಂಗ ಕಾಲಿಡಬೇಕ್ರಿ?"

"ಕೂಡ್ರಿ, ಕೂಡ್ರಿ, ಅದಕ್ಕೇ ಮಾಡ್ಸೀನಿ," ಎಂದು ಜಾನಕಿಬಾಯಿ ಚಹದ ತಟ್ಟೆ ಹಿಡಿದುಕೊಂಡು ಹೇಳುತ್ತಲೇ ಇದ್ದಳು. ಶಾಂತಾಬಾಯಿಯೇ ಮೊದಲು ಮನಸ್ಸು ಮಾಡಿದಳು. ಚಪ್ಪಲಿ ಕಾಲನ್ನು ಎತ್ತಿ ಲಾನಿನ ಮೇಲಿಟ್ಟಳು. ಆಗ ಜಾನಕಿಬಾಯಿಯ ಬಾಯಿಂದ ಅವಳಿಗೇ ಗೊತ್ತಿಲ್ಲದೆ "ಹಾಂ!" ಎಂಬ ಶಬ್ದ ಬಂತು.

ಅಷ್ಟೇ. ಹತ್ತು ತಿಂಗಳು ನಾಯಿ ಬಾರದಂತೆ, ಕೋಳಿ ಬಾರದಂತೆ, ಕರಕಿಯ ಒಂದು ಎಳೆಯೂ ಬಾರದಂತೆ ಅಂಗಳ ಕಾದ ಬಾಯಿ ಅದು. ಕಾಯುವುದು ಅಭ್ಯಾಸವಾಗಿ ಹೋಗಿತ್ತು. ಶಾಂತಾಬಾಯಿ ಬಿಸಿ ಹಂಚಿನ ಮೇಲೆ ಇಟ್ಟವಳ ಹಾಗೆ ಕಾಲು ಹಿಂದಕ್ಕೆ ತೆಗೆದುಕೊಂಡಳು. "ಇಲ್ರಿ ಶಾಂತಕ್ಕ, ಇಡ್ರಿ, ಇಡ್ರಿ," ಎಂದು ಜಾನಕಿಬಾಯಿ ಎಷ್ಟು ಬೇಡಿದರೂ ಆಮೇಲೆ ಯಾರೂ ಕಾಲಿಡಲಿಲ್ಲ. ಐದೂ ಜನ ಬಸ್ಸಿಗೆ ಕಾಯುವವರಂತೆ ಸಾಲಾಗಿ ನಿಂತೇ ಚಹ ಕುಡಿದರು, ಲಾನನ್ನು ಇನ್ನೊಮ್ಮೆ ಹೊಗಳಿದರು, ಕಪ್ಪುಗಳನ್ನು ಕಟ್ಟೆಯ ಮೇಲಿಟ್ಟು ಹೋದರು. ತೊಳೆದಿಟ್ಟ ಉಳಿದ ಏಳು ಕಪ್ಪುಗಳನ್ನು ಅವಳು ಮತ್ತೆ ಒರೆಸಿ ಒಳಗಿಟ್ಟಳು. ಚೂಡಾ ಒಂದು ವಾರ ತಾನೊಬ್ಬಳೇ ತಿಂದಳು.

ಆ ವಾರವೇ ತುಳಸಿರಾಮನ ಮಾತು ಖರೆಯಾಯಿತು. ತುಳಸಿಕಟ್ಟೆಯ ಹಿಂದಿನ ಕರಕಿ ಇಟ್ಟಿಗೆಯ ಕೆಳಗಿಂದ ನುಸುಳಿ ಲಾನಿನ ನಡುವೆ ಮೂರು ಕಡೆ ತಲೆ ಎತ್ತಿತ್ತು. ಜಾನಕಿಬಾಯಿಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ತನ್ನ ಬಾಯಿಯ ಮೇಲಿದ್ದ ಕೋಪವನ್ನು ಅವಳು ಆ ಮೊರದಗಲದ ಹುಲ್ಲಿನ ಮೇಲೆ ತೀರಿಸಿಕೊಂಡಳು. ಕೆದಕಿ, ಬೇರು ಸಮೇತ ಕಿತ್ತು, ಉಳಿದ ಮೋಟುಗಳಿಗೆ ಮಾಲಿ ಕೊಟ್ಟಿದ್ದ ಕಳೆ ಔಷಧಿಯನ್ನು ಹಳೆಯ ಬ್ರಷ್ಷಿನಿಂದ ಬಳಿದಳು. ಆಮೇಲೆ ತುಳಸಿಗೆ ಕೈ ಮುಗಿದು, ಗಣಪ್ಪನಿಗೆ ಈ ವರ್ಷ ಬಜಾರಿನ ಕರಕಿ ಎಂದು ಅಲ್ಲಿಂದಲೇ ತಪ್ಪೊಪ್ಪಿಗೆ ಕಳಿಸಿದಳು. ದೇವರಿಗೆ ಏನು ಹೇಳಬೇಕೆಂದು ಯೋಚಿಸಿದಳು, ದೇವರ ನೆಪದಲ್ಲಿ ಬರುವವರಿಗೆ ಏನು ಹೇಳಬೇಕೆಂದು ಯೋಚಿಸಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರಿಗೆ ಮೂಗಿನ ನೆನಪು ಆಗುವುದು ಆಮೇಲೆಯೇ.

ಆ ವರ್ಷ ಅಧಿಕ ಮಾಸ ಬಂದು ಚೌತಿ ತಡವಾಗಿತ್ತು. ಸೆಪ್ಟೆಂಬರ್ ಹತ್ತೊಂಬತ್ತು. ಬೆಳಕು ಹರಿಯುವ ಹೊತ್ತಿಗೆ ಗೇಟಿನ ಸದ್ದಾಯಿತು. ಜಾನಕಿಬಾಯಿ ತಲೆಗೆ ಟವೆಲು ಸುತ್ತಿಕೊಂಡೇ ಹೊರಗೆ ಬಂದಳು. ತಟ್ಟೆ ಹಿಡಿದು ಒಂಬತ್ತು ಹತ್ತು ಜನ ನಿಂತಿದ್ದರು. ಎಲ್ಲರ ಕಣ್ಣೂ ನೆಲದಲ್ಲಿತ್ತು.

"ಜಾನಕಿಬಾಯಿರಿ, ಕರಕಿ ಎಲ್ಲದ್ರಿ?" ಅಂದಳು ಪಾರ್ವತಿಬಾಯಿ.

"ತೆಗದೀನ್ರಿ. ಪೂರಾ ತೆಗದೀನಿ."

"ತುಳಸಿ ಹಿಂದ ಇತ್ತಲ್ರಿ?"

"ಅದೂ ತೆಗದೆ."

ಹೊಸದಾಗಿ ಓಣಿಗೆ ಸೊಸೆಯಾಗಿ ಬಂದಿದ್ದ ಮಹಾನಂದಾ ಬಗ್ಗಿ ಲಾನಿನ ಒಂದು ಎಳೆ ಮುಟ್ಟಿ, "ಇದು ನಡೆಯಲ್ಲೇನ್ರಿ?" ಎಂದು ಕೇಳಿದಳು. "ನಡೆಯಲ್ಲವ್ವ, ಇದು ತೋರಿಕಿ ಹುಲ್ಲು," ಎಂದು ಯಾರೋ ಹೇಳಿದರು. ಅದರಲ್ಲಿ ಕುಹಕವೇನೂ ಇರಲಿಲ್ಲ, ಇದ್ದದ್ದನ್ನು ಹೇಳಿದರು ಅಷ್ಟೇ. "ಇರ್ಲಿ ಬಿಡ್ರಿ, ಬಜಾರದಾಗ ಸಿಗ್ತದ." ಎಲ್ಲರೂ ತಿರುಗಿದರು. ಹಿಂದಿನ ವರ್ಷದ ಅರ್ಧ ತಾಸು ಈ ವರ್ಷ ಎರಡು ನಿಮಿಷವೂ ಆಗಲಿಲ್ಲ. ಗೇಟು ದಾಟುವಾಗ ಪಾರ್ವತಿಬಾಯಿ ಪಕ್ಕದವಳಿಗೆ ಹೇಳಿದ್ದು ಅವಳಿಗೆ ಕೇಳಿಸಿತು: "ಇನ್ನ ಮ್ಯಾಗ ಹಿಂದಿನ ದಿನಾನೇ ಬಜಾರದಾಗ ತಂದು ಇಟ್ಕೋಬೇಕು. ಇಷ್ಟು ನಸಿಕಿನ್ಯಾಗ ಏಳೋದು ತಪ್ತದ."

ಜಾನಕಿಬಾಯಿ ಲಾನಿನ ಅಂಚಿನಲ್ಲಿ ನಿಂತೇ ಇದ್ದಳು. ಇಡೀ ಅಂಗಳದಲ್ಲಿ ಒಂದು ಎಳೆ ಕರಕಿ ಇರಲಿಲ್ಲ, ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಳು. ಅಪ್ಪ ಸತ್ತ ದಿನ ಸಹ ಮನೆ ಇಷ್ಟು ಖಾಲಿ ಅನ್ನಿಸಿರಲಿಲ್ಲ. ಆ ದಿನ ಜನರಾದರೂ ಬಂದಿದ್ದರು. ಇನ್ನು ಯಾರಿಗೂ ಈ ಗೇಟು ತೆಗೆಯುವ ಕಾರಣವಿಲ್ಲ. ಅವಳಿಗೆ ಅಳು ಬಂತು, ಹಬ್ಬದ ದಿನ ಅಳಬಾರದೆಂದು ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಳುವ ನಡುವೆಯೂ ಒಂದು ಲೆಕ್ಕ ಅವಳಿಗೆ ತಪ್ಪಿರಲಿಲ್ಲ. ಬಂದವರಲ್ಲಿ ಶಾಂತಾಬಾಯಿ ಇರಲಿಲ್ಲ. ಎಲ್ಲರಿಗಿಂತ ಮೊದಲು ಬರುವವಳು ಬಂದೇ ಇರಲಿಲ್ಲ. ಆ 'ಹಾಂ'ಗೆ ಸಿಟ್ಟಾಗಿದ್ದಾಳೆ, ಆಗದೆ ಏನು ಮಾಡುತ್ತಾಳೆ.

ಒಳಗೆ ಮಣೆಯ ಮೇಲೆ ಗೇಣುದ್ದದ ಮಣ್ಣಿನ ಗಣಪತಿ ಕಾಯುತ್ತಿದ್ದ. ದೇವರನ್ನು ಕಾಯಿಸುವ ಹಾಗಿಲ್ಲ. ಮಡಿ ಉಟ್ಟು, ಸ್ಟೀಲಿನ ತಟ್ಟೆ ಹಿಡಿದು, ಬಜಾರಿಗೆ ಹೊರಟಳು. ತಟ್ಟೆ ಹಿಡಿದು ಇನ್ನೊಬ್ಬರ ಮನೆ ಮುಂದೆ ಹಾದುಹೋಗುವುದು ಅವಳಿಗೆ ಹೊಸದು. ಶಾಂತಾಬಾಯಿಯ ಮನೆ ಬಂದಾಗ ತಲೆ ತಗ್ಗಿಸಿದಳು.

"ಜಾನಕಿಬಾಯಿರಿ! ಎಲ್ಲಿ ಹೊಂಟೀರಿ ತಟ್ಟಿ ಹಿಡಕೊಂಡು?"

ಶಾಂತಾಬಾಯಿ ಕಟ್ಟೆಯ ಮೇಲೆ ರಂಗೋಲಿ ಡಬ್ಬಿ ಹಿಡಿದು ನಿಂತಿದ್ದಳು.

"ಕರಕಿಗೆ ಶಾಂತಕ್ಕ. ಬಜಾರಕ್ಕ."

ಶಾಂತಾಬಾಯಿ ಡಬ್ಬಿ ಕೆಳಗಿಟ್ಟು, "ಒಳಗ ಬರ್ರಿ," ಅಂದಳು.

ಮನೆ ದಾಟಿ ಹಿತ್ತಲಿಗೆ ಕರೆದುಕೊಂಡು ಹೋದಳು. ಗೋಡೆಯಿಂದ ಗೋಡೆಗೆ ತಾಂಡೂರಿನ ಫರಸಿ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನೀರು ಹರಿದುಹೋಗುವ ಮೂಲೆಯಲ್ಲಿ, ಎರಡು ಕಲ್ಲುಗಳ ಸಂದಿಯಿಂದ ಹಚ್ಚಗೆ ಕರಕಿ ಎದ್ದಿತ್ತು. ಸಂದಿ ಹಿಡಿದುಕೊಂಡೇ ಹೋಗಿ ಇನ್ನೊಂದು ಸಂದಿಗೆ, ಅಲ್ಲಿಂದ ಮತ್ತೊಂದಕ್ಕೆ ಹಬ್ಬಿತ್ತು.

"ನಿಮ್ಮದೇ ಇದು," ಅಂದಳು ಶಾಂತಾಬಾಯಿ. "ಹ್ವಾದ ವರ್ಷ ನಿಮ್ಮ ಅಂಗಳದಾಗಿಂದು ತಂದಿದ್ದೆ. ಅವಸರದಾಗ ಬಳ್ಳಿ ಸಮೇತ ಕಿತ್ತಿದ್ದೆ. ಪೂಜಿ ಆದ ಮ್ಯಾಲ ಕಾಲಾಗ ಬರಬಾರ್ದಂತ ಈ ಮೂಲ್ಯಾಗ ಹಾಕಿದ್ನ್ರಿ. ಬೇರು ಬಿಟ್ಟದ ನೋಡ್ರಿ, ಕಲ್ಲಾಗ. ನಮ್ಮ ಮಗ ಅಮರನಾಥ, ಫರಸಿ ಹಾಳಾಗ್ತಾವವ್ವ, ಕಿತ್ತಿ ಒಗೀತೀನಿ ಅಂದ. ನಾ ಬ್ಯಾಡ ಅಂದೆ. ಜಾನಕಿಬಾಯಿ ಮನಿ ಕರಕಿ, ಇರ್ಲಿ ಬಿಡು ಅಂದೆ."

ಜಾನಕಿಬಾಯಿ ಬಗ್ಗಿ ಸಂದಿಯ ಒಂದು ಎಳೆ ಮುಟ್ಟಿ ನೋಡಿದಳು.

"ಅದಕ್ಕೇ ಇವತ್ತು ನಿಮ್ಮ ಕಡಿ ಬರಲಿಲ್ರಿ," ಎಂದು ಶಾಂತಾಬಾಯಿ ದನಿ ತಗ್ಗಿಸಿದಳು. "ಮತ್ತ ನೀವು ಸಿಟ್ಟಾಗೀರಿ ಅಂತ ಅಂಜಿಕಿನೂ ಇತ್ತು. ಇಡೀ ವರ್ಷ ಮಗಿನಂಗ ಬೆಳಸೀರಿ, ನಾ ಹೋಗಿ ಚಪ್ಪಲಿ ಕಾಲು ಇಟ್ಟೆ."

"ನಾ ಸಿಟ್ಟಾಗಿಲ್ರಿ ಶಾಂತಕ್ಕ. ನನ್ನ ಬಾಯಿ ಸುಡಲಿ."

"ಆತು ಬಿಡ್ರಿ. ಕೂಡ್ರಿ ಮೊದಲ. ಮೂರೆಲಿವೇ ಆರಸ್ರಿ, ನಂಗ ಕಣ್ಣು ಕಾಣಲ್ಲ."

ಇಬ್ಬರೂ ಕಲ್ಲಿನ ಮೇಲೆ ಕೂತರು. ಮೂರು ವಾರದ ಹಿಂದೆ ತಾನು ಬೇರಿಗೆ ವಿಷ ಬಳಿದ ಅದೇ ಹುಲ್ಲನ್ನು ಜಾನಕಿಬಾಯಿ ಉಗುರು ತಾಗದ ಹಾಗೆ ಚಿವುಟಿದಳು. ಶಾಂತಾಬಾಯಿ ಒಳಗೆ ಕೂಗಿ ಚಹ ತರಿಸಿದಳು. ತನಗಿಪ್ಪತ್ತೊಂದು, ಇವಳಿಗಿಪ್ಪತ್ತೊಂದು. ನಡುವೆ ಸೊಸೆಯ ಮಾತು ಬಂತು, ಮೊಣಕಾಲಿನ ಮಾತು ಬಂತು, ಹೂರಣ ಈ ಸಲ ತೆಳ್ಳಗಾದ ಮಾತು ಬಂತು. ಅರ್ಧ ತಾಸು ಆಯಿತು. ಜಾನಕಿಬಾಯಿ ಎರಡು ಸಲ ಎಣಿಕೆ ತಪ್ಪಿಸಿ ಮೊದಲಿನಿಂದ ಎಣಿಸಿದಳು. ಕಚೇರಿಯಲ್ಲಿ ಮೂವತ್ತು ವರ್ಷ ಲೆಕ್ಕ ತಪ್ಪದವಳು ಅಲ್ಲಿ ಬೇಕೆಂದೇ ತಪ್ಪಿಸಿದಳೋ ಏನೋ, ನಾನು ಕೇಳಿಲ್ಲ.

ಏಳುವಾಗ ಶಾಂತಾಬಾಯಿ ಸಂದಿಗೆ ಬೆರಳು ಹಾಕಿ ಬೇರು ಸಹಿತ ಒಂದು ಹಿಡಿ ಎಬ್ಬಿಸಿ ಕೊಡಲು ಬಂದಳು. "ಇದನ್ನ ಒಯ್ರಿ. ತುಳಸಿ ಹಿಂದ ಹಚ್ರಿ. ಬರೋ ವರ್ಷ ಎಲ್ಲಾರೂ ನಿಮ್ಮ ಕಡಿನೇ ಬರ್ತಾರ."

ಜಾನಕಿಬಾಯಿ ಚಾಚಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿದಳು. ಹನ್ನೊಂದು ತಟ್ಟೆಗಳು ಕಣ್ಣ ಮುಂದೆ ಬಂದವು. ಆಮೇಲೆ ತನ್ನ ಖಾಲಿಯಾದ ಚಹದ ಕಪ್ಪು ಕಾಣಿಸಿತು, ಫರಸಿಯ ಮೇಲೆ ಶಾಂತಾಬಾಯಿಯ ಕಪ್ಪಿನ ಪಕ್ಕದಲ್ಲಿ.

"ಬ್ಯಾಡ್ರಿ ಶಾಂತಕ್ಕ," ಅಂದಳು. "ನಮ್ಮ ಮಣ್ಣಾಗ ಅದು ಹತ್ತಲ್ಲ. ನಾನೇ ಇಲ್ಲಿ ಬರ್ತೀನಿ, ಬರೋ ವರ್ಷ."

ಇಪ್ಪತ್ತು ವರ್ಷ ಅದೇ ಮಣ್ಣಿನಿಂದ ಕರಕಿ ಕಿತ್ತುಕೊಂಡು ಹೋದವಳು ಶಾಂತಾಬಾಯಿ. ಅವಳು ಜಾನಕಿಬಾಯಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆ ಹಿಡಿಯನ್ನು ವಾಪಸು ಸಂದಿಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿ, ಕೊಡದಿಂದ ಒಂದು ಚೊಂಬು ನೀರು ಹಾಕಿದಳು.

"ಬರೋ ವರ್ಷ ಯಾಕ್ರಿ," ಅಂದಳು. "ಸಂಕಷ್ಟಿ ತಿಂಗಳಿಗೊಮ್ಮಿ ಬರ್ತದಲ್ಲ."